ಕರುಳು ಬೆಳೆದರೆ ಕೂಸು ಬೆಳೆದೀತು

ಢಾಕಾ ನಗರದ ಮೊಹಾಖಾಲಿಯಲ್ಲಿರುವ ಒಂದು ಆಸ್ಪತ್ರೆಯನ್ನು ಊರ ಜನ ‘ಕಾಲರಾ ಆಸ್ಪತ್ರೆ’ ಎಂದೇ ಕರೆಯುತ್ತಾರೆ. ಐಸಿಡಿಡಿಆರ್‌ಬಿ ಎಂಬುದು ಅದರ ಕಚೇರಿ ಹೆಸರು. ವಾಂತಿಭೇದಿಯಿಂದ ಮೈಯ ನೀರೆಲ್ಲ ಬಸಿದುಹೋದ ರೋಗಿಗೆ ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿ ಬದುಕಿಸಬಹುದೆಂದು 1968ರಲ್ಲಿ ತೋರಿಸಿಕೊಟ್ಟವರು ಇಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್. ಇವತ್ತು ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣಕ್ಕೆ ಆ ಕೆಲಸವೇ ತಳಹದಿ. ಅದರ ಗುಟ್ಟು ಇದ್ದದ್ದು ಕರುಳಿನಲ್ಲಿ. ಕಾಲರಾ ಹೊಡೆತಕ್ಕೆ ನೀರು ಸೋರಿಹೋಗುತ್ತಿದ್ದರೂ ಗ್ಲೂಕೋಸ್ ಜೊತೆಗೆ ಸೋಡಿಯಮ್ಮನ್ನು ಒಳಗೆಳೆದುಕೊಳ್ಳುವ ಶಕ್ತಿಯನ್ನು ಕರುಳಿನ ಗೋಡೆ ಉಳಿಸಿಕೊಂಡಿರುತ್ತದೆ. ಸೋಡಿಯಂ ಹೋದ ಕಡೆಗೆ ನೀರೂ ಹೋಗುತ್ತದೆ.

ಅದೇ ಆಸ್ಪತ್ರೆಯ ವೈದ್ಯರನ್ನು ಇನ್ನೊಂದು ಪ್ರಶ್ನೆ ದಶಕಗಳ ಕಾಲ ಕಾಡಿತು. ಭೇದಿ ಎಂದು ಬರುವ ಎಳೆಯರಲ್ಲಿ ಬಹಳ ಮಂದಿ ಮೂಳೆ ಚಕ್ಕಳವಾಗಿ ಬರುತ್ತಿದ್ದರು. ಅವರನ್ನು ಸಾವಿನ ದವಡೆಯಿಂದ ತಪ್ಪಿಸುವುದನ್ನು ವೈದ್ಯರು ಕಲಿತರು. ತೂಕ ಹೆಚ್ಚಿಸುವುದನ್ನೂ ಕಲಿತರು. ಆದರೆ ಗುಣವಾಗಿ ಮನೆಗೆ ಹೋದ ಮಕ್ಕಳಲ್ಲಿ ಅನೇಕರು ಓರಗೆಯವರ ಎತ್ತರಕ್ಕೆ ಬರಲಿಲ್ಲ. ಕೆಲವರು ತಿಂಗಳುಗಳಲ್ಲೇ ಮತ್ತೆ ಸೊರಗಿದರು. ಹೊಟ್ಟೆಗೆ ಅನ್ನ ಸಿಕ್ಕಿತ್ತು, ಆದರೂ ಬೆಳವಣಿಗೆ ಹಿಂದೆಯೇ ಉಳಿದಿತ್ತು. ಯಾಕೆ?

ಈ ಪ್ರಶ್ನೆಗೆ ಸಿಕ್ಕಿರುವ ಉತ್ತರದ ದೊಡ್ಡ ಭಾಗ ಮತ್ತೆ ಕರುಳಿನಲ್ಲೇ ಇದೆ. ಸೊರಗಿದ ಮಗುವಿನ ಒಳಗೆ ಬೆಳೆಯದೆ ನಿಂತ ಇನ್ನೊಂದು ಜೀವಲೋಕವಿದೆ. ಅದನ್ನೂ ಉಣಿಸಿ ಬೆಳೆಸದಿದ್ದರೆ ಮಗುವಿನ ಚೇತರಿಕೆ ಅರ್ಧಕ್ಕೆ ನಿಲ್ಲುತ್ತದೆ.

ಹಸಿದು ಬಂದವರಿಗೆ ಹದವಾಗಿ

ಮೊದಲು ತೀವ್ರ ಅಪೌಷ್ಟಿಕತೆ ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ನೋಡೋಣ. ತಿಂಗಳುಗಟ್ಟಲೆ ಸಾಲದ ಊಟದಲ್ಲಿ ಬದುಕಿದ ಮಗುವಿನ ಮೈ ಖರ್ಚನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಕೊಬ್ಬು ಕರಗುತ್ತದೆ, ಆಮೇಲೆ ಸ್ನಾಯು ಕರಗುತ್ತದೆ. ಹೃದಯ ಮೆಲ್ಲಗೆ ಬಡಿಯುತ್ತದೆ, ಮೂತ್ರಪಿಂಡ ಮತ್ತು ಯಕೃತ್ತಿನ ಕೆಲಸ ಕುಗ್ಗುತ್ತದೆ. ಸೋಂಕು ತಗುಲಿದರೂ ಜ್ವರ ಏರಿಸುವಷ್ಟು ತ್ರಾಣ ಉಳಿದಿರುವುದಿಲ್ಲ. ಹಾಗಾಗಿ ಹಣೆ ತಣ್ಣಗಿದೆ ಎಂದು ನೆಮ್ಮದಿಯಾಗಿರುವಂತಿಲ್ಲ. ಇಂಥ ಮಕ್ಕಳಲ್ಲಿ ಜ್ವರವಿಲ್ಲದೆಯೂ ನ್ಯುಮೋನಿಯಾ ಇರಬಹುದು.

ಈ ಸ್ಥಿತಿಯಲ್ಲಿರುವ ಮಗುವಿಗೆ ಮರುಕದಿಂದ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ಪ್ರಾಣಕ್ಕೇ ಅಪಾಯ. ಸಕ್ಕರೆಯಂಶ ರಕ್ತಕ್ಕೆ ನುಗ್ಗಿದಾಗ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ ಜೀವಕೋಶಗಳ ಒಳಕ್ಕೆ ಓಡುತ್ತವೆ, ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ, ದುರ್ಬಲ ಹೃದಯ ತತ್ತರಿಸುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಶಿಬಿರಗಳಿಂದ ಬಿಡುಗಡೆಯಾದವರಲ್ಲಿ ಊಟ ಸಿಕ್ಕ ಮೇಲೆ ಸತ್ತವರಿದ್ದರು. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ಚಿಕಿತ್ಸಾಕ್ರಮದಲ್ಲಿ ಎರಡು ಬಗೆಯ ಹಾಲುಗಳಿವೆ. ಮೊದಲ ದಿನಗಳಿಗೆ ಎಫ್-75, ಅಂದರೆ 100 ಮಿಲಿಲೀಟರಿಗೆ 75 ಕಿಲೋಕ್ಯಾಲೊರಿ. ಅದನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಮಗುವಿನ ಹಸಿವೆ ಮರಳಿದ ಮೇಲೆ ಎಫ್-100. ಢಾಕಾದ ಆಸ್ಪತ್ರೆಯಲ್ಲಿ ಇಂಥ ಕಟ್ಟುನಿಟ್ಟಿನ ಕ್ರಮ ಜಾರಿಗೆ ಬಂದಾಗ, ಭೇದಿಯ ಜೊತೆ ತೀವ್ರ ಅಪೌಷ್ಟಿಕತೆ ಇದ್ದ ಮಕ್ಕಳ ಸಾವು ಶೇಕಡಾ 17ರಿಂದ 9ಕ್ಕೆ ಇಳಿಯಿತು. ತಹ್ಮೀದ್ ಅಹ್ಮದ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ವರದಿ ಮಾಡಿದರು. ಹೊಸ ಯಂತ್ರವಾಗಲಿ ದುಬಾರಿ ಔಷಧಿಯಾಗಲಿ ಅದರಲ್ಲಿ ಇರಲಿಲ್ಲ. ಯಾವುದನ್ನು ಯಾವಾಗ ಎಷ್ಟು ಕೊಡಬೇಕೆಂಬ ತಿಳಿವಳಿಕೆ ಇತ್ತು.

ಮುಂದಿನ ದೊಡ್ಡ ಹೆಜ್ಜೆ ಮಕ್ಕಳನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿತು. ಹಾಲಿನ ಪುಡಿಗೆ ನೀರು ಬೆರೆಸಬೇಕು. ಆ ನೀರು ಕೊಳಕಾಗಿದ್ದರೆ ಮತ್ತೆ ಭೇದಿ. 1990ರ ದಶಕದಲ್ಲಿ ಫ್ರಾನ್ಸಿನ ಮಕ್ಕಳ ತಜ್ಞ ಆಂದ್ರೆ ಬ್ರಿಯಾಂ ಮತ್ತು ಮಿಶೆಲ್ ಲೆಸ್ಕಾನ್ ಈ ತೊಡಕನ್ನು ಶೇಂಗಾದಿಂದ ಬಿಡಿಸಿದರು. ನುಣ್ಣಗೆ ಅರೆದ ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಖನಿಜಗಳನ್ನು ಕಲಸಿದ ಲೇಹ್ಯದಂಥ ಆಹಾರ ಅದು. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕಿಲೋಕ್ಯಾಲೊರಿ. ನೀರು ಬೇಡ, ಒಲೆ ಬೇಡ, ನೀರಿನಂಶ ತೀರ ಕಡಿಮೆಯಾದ್ದರಿಂದ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದೂ ಕಷ್ಟ. ಹಸಿವೆಯಿದ್ದು ಬೇರೆ ತೊಡಕಿಲ್ಲದ ಮಕ್ಕಳಿಗೆ ಮನೆಯಲ್ಲೇ ಇದನ್ನು ತಿನ್ನಿಸಿ ಗುಣಪಡಿಸಬಹುದೆಂದು 2007ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಒಟ್ಟಾಗಿ ಒಪ್ಪಿಕೊಂಡವು. ಈ ಲೇಹ್ಯ ಉಳಿಸಿದ ಜೀವಗಳಿಗೆ ನಾವೆಲ್ಲ ಋಣಿಗಳು. ಆದರೂ ಢಾಕಾದ ವೈದ್ಯರ ಪ್ರಶ್ನೆ ಹಾಗೆಯೇ ಉಳಿದಿತ್ತು.

ಸವೆದ ಒಳಗೋಡೆ

ಉಂಡದ್ದು ಮೈಗೆ ಹತ್ತಬೇಕಾದರೆ ಸಣ್ಣಕರುಳಿನ ಗೋಡೆಯನ್ನು ದಾಟಬೇಕು. ಆ ಗೋಡೆಯ ಒಳಮೈ ದಪ್ಪ ಟವೆಲ್ಲಿನ ಹಾಗೆ ಲಕ್ಷಾಂತರ ಸಣ್ಣ ಎಳೆಗಳಿಂದ ತುಂಬಿರುತ್ತದೆ. ವೈದ್ಯರು ಇವನ್ನು ವಿಲ್ಲೈ ಎನ್ನುತ್ತಾರೆ. ಒಂದೊಂದೂ ಮಿಲಿಮೀಟರಿಗಿಂತ ಚಿಕ್ಕದು. ಆಹಾರವನ್ನು ಹೀರುವ ಜಾಗವನ್ನು ಹಲವು ಪಟ್ಟು ಹಿಗ್ಗಿಸುವುದು ಇವುಗಳ ಕೆಲಸ. ಇವನ್ನು ಹೊದ್ದಿರುವ ಜೀವಕೋಶಗಳು ಮೂರರಿಂದ ಐದು ದಿನಗಳಲ್ಲಿ ಉದುರಿ, ಹೊಸವು ಹುಟ್ಟಿಬರುತ್ತವೆ. ದೇಹದಲ್ಲಿ ಇಷ್ಟು ಬೇಗ ಹೊಸದಾಗುವ ಅಂಗಾಂಶ ಬಲು ಅಪರೂಪ. ಹೀಗೆ ಹೊಸದಾಗುತ್ತಿರಲು ಪ್ರೋಟೀನು ಬೇಕು, ಸತು ಬೇಕು, ಫೋಲೇಟ್ ಬೇಕು. ಮಗುವಿಗೆ ಊಟ ಸಾಲದಾದರೆ ಮೊದಲು ಪೆಟ್ಟು ತಿನ್ನುವುದು ಊಟವನ್ನು ಹೀರಬೇಕಾದ ಈ ಗೋಡೆಯೇ.

ಅದರ ಮೇಲೆ ಸೋಂಕು. ಬಯಲು ಶೌಚ, ಚರಂಡಿ ಬೆರೆತ ನೀರು, ಅಂಗಳದಲ್ಲಿ ಓಡಾಡುವ ಕೋಳಿಗಳ ಹಿಕ್ಕೆ, ಎಲ್ಲವೂ ಅಂಬೆಗಾಲಿಡುವ ಕೂಸಿನ ಬಾಯಿ ಸೇರುತ್ತವೆ. ಪ್ರತಿ ಸಲವೂ ಭೇದಿಯಾಗಬೇಕೆಂದಿಲ್ಲ. ಹೊರಗೆ ಏನೂ ಕಾಣದಿದ್ದರೂ ಒಳಗೆ ಉರಿಯೂತ ನಡೆದೇ ಇರುತ್ತದೆ. ವಿಲ್ಲೈ ಮೊಂಡಾಗುತ್ತವೆ, ಜೀವಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ, ಕರುಳಿನೊಳಗೆ ಇರಬೇಕಾದ ಬ್ಯಾಕ್ಟೀರಿಯಾ ತುಣುಕುಗಳು ರಕ್ತಕ್ಕೆ ಜಿನುಗುತ್ತವೆ. ರೋಗನಿರೋಧಕ ವ್ಯವಸ್ಥೆ ಸದಾ ಎಚ್ಚರದಲ್ಲಿರಬೇಕಾಗುತ್ತದೆ. ಬೆಳವಣಿಗೆಗೆ ಸಲ್ಲಬೇಕಾದ ಶಕ್ತಿ ಈ ಕಾವಲಿಗೆ ಖರ್ಚಾಗುತ್ತದೆ. ಉರಿಯೂತದ ರಾಸಾಯನಿಕಗಳು ಮೂಳೆ ಉದ್ದವಾಗಲು ಬೇಕಾದ ಹಾರ್ಮೋನುಗಳ ಸಂದೇಶವನ್ನೂ ಮಂಕಾಗಿಸುತ್ತವೆ.

ಈ ಸ್ಥಿತಿಯನ್ನು ಗುರುತಿಸಿದವರಲ್ಲಿ ನಮ್ಮ ನೆರೆಯವರಿದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೆಲ್ವಿನ್ ಬೇಕರ್ ಮತ್ತು ವಿ. ಐ. ಮಥನ್ ದಕ್ಷಿಣ ಭಾರತದ ಹಳ್ಳಿಗರ ಕರುಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಆರೋಗ್ಯವಾಗಿದ್ದೇವೆ ಎಂದುಕೊಂಡಿದ್ದವರಲ್ಲೂ ವಿಲ್ಲೈ ಮೊಂಡಾಗಿದ್ದದ್ದನ್ನು ಕಂಡರು. ಇದು ಜನಾಂಗದ ಗುಣವಲ್ಲ, ಪರಿಸರದ ಪೆಟ್ಟು ಎಂಬುದು ಇನ್ನೊಂದು ದಾರಿಯಿಂದ ತಿಳಿಯಿತು. 1960ರ ದಶಕದಲ್ಲಿ ಆಗಿನ ಪಾಕಿಸ್ತಾನಕ್ಕೆ ಬಂದಿದ್ದ ಅಮೆರಿಕನ್ನರ ಕರುಳಿನಲ್ಲೂ ಇದೇ ಬದಲಾವಣೆ ಕಾಣಿಸಿಕೊಂಡಿತು. ಅವರು ತಮ್ಮ ದೇಶಕ್ಕೆ ಮರಳಿದ ಮೇಲೆ ತಿಂಗಳುಗಳಲ್ಲಿ ಅದು ತಾನಾಗಿ ಸರಿಹೋಯಿತು. ಢಾಕಾದ ಮೀರ್‌ಪುರದ ಕೊಳೆಗೇರಿಯಲ್ಲಿ ಹುಟ್ಟಿದ ಮಗುವಿಗೆ ಹಾಗೆ ಮರಳಿ ಹೋಗಲು ಬೇರೊಂದು ಊರಿಲ್ಲ.

ಹಾಗಾದರೆ ಕೈತೊಳೆಯಲು ಸಾಬೂನು, ನೀರಿಗೆ ಕ್ಲೋರಿನ್, ಮನೆಗೊಂದು ಶೌಚಾಲಯ ಕೊಟ್ಟರೆ ಮಕ್ಕಳು ಬೆಳೆಯುತ್ತಾರೆಯೆ? ಬಾಂಗ್ಲಾದೇಶ, ಕೆನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಕುಟುಂಬಗಳ ಜೊತೆ ಇದನ್ನು ಪರೀಕ್ಷಿಸಿದರು. 2018ರ ಹೊತ್ತಿಗೆ ಬಂದ ಫಲಿತಾಂಶ ಎಲ್ಲರನ್ನೂ ಚಿಂತೆಗೆ ಹಚ್ಚಿತು. ಬಾಂಗ್ಲಾದೇಶದಲ್ಲಿ ಭೇದಿ ಕಡಿಮೆಯಾಯಿತು, ಆದರೆ ಮೂರು ದೇಶಗಳಲ್ಲಿಯೂ ಇವಿಷ್ಟರಿಂದಲೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಸುತ್ತಲಿನ ಕೊಳಕು ಅಷ್ಟು ದಟ್ಟವಾಗಿರುವಲ್ಲಿ ಒಂದು ಮನೆಯ ಸಾಬೂನು ಸಾಲದು. ಇಡೀ ಊರಿಗೆ ಕೊಳವೆ ನೀರು, ಮುಚ್ಚಿದ ಚರಂಡಿ ಬೇಕಾಗುತ್ತದೆ. ಅದರ ಜೊತೆಗೆ, ಕರುಳಿನೊಳಗೆ ನಾವು ಗಮನಿಸದೇ ಬಿಟ್ಟದ್ದು ಏನೋ ಇದೆ ಎಂಬ ಸುಳಿವೂ ಇದರಲ್ಲಿತ್ತು.

ಮಲಾವಿಯ ಅವಳಿ ಮಕ್ಕಳು

ಆ ಸುಳಿವು ಅಷ್ಟರಲ್ಲಾಗಲೇ ಆಫ್ರಿಕಾದ ಮಲಾವಿಯಲ್ಲಿ ರೂಪ ಪಡೆದಿತ್ತು. ಅಲ್ಲಿನ ಮಕ್ಕಳನ್ನು ಕಾಡುವ ಕ್ವಾಷಿಯೋರ್ಕರ್ ರೋಗದಲ್ಲಿ ಕಾಲು, ಮುಖ ಬಾತುಕೊಳ್ಳುತ್ತವೆ, ಚರ್ಮ ಸುಲಿಯುತ್ತದೆ, ಕೂದಲು ಕೆಂಚಗಾಗುತ್ತದೆ. ಈಗ ಘಾನಾ ಎನಿಸಿಕೊಂಡಿರುವ ನಾಡಿನಲ್ಲಿ ಸಿಸೆಲಿ ವಿಲಿಯಮ್ಸ್ ಎಂಬ ವೈದ್ಯೆ 1933ರಲ್ಲಿ ಇದನ್ನು ಮೊದಲು ವಿವರಿಸಿದ್ದರು. ಪ್ರೋಟೀನು ಸಾಲದ್ದೇ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆದರೆ ಒಂದೇ ಮನೆ, ಒಂದೇ ತಾಯಿ, ಒಂದೇ ತಟ್ಟೆಯ ಅವಳಿಗಳಲ್ಲಿ ಒಬ್ಬರಿಗೆ ರೋಗ ಬಂದು ಇನ್ನೊಬ್ಬರಿಗೆ ಬಾರದಿದ್ದರೆ?

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಗಾರ್ಡನ್ ತಂಡ ಮಲಾವಿಯ ವೈದ್ಯರ ಜೊತೆ ಸೇರಿ 317 ಅವಳಿ ಜೋಡಿಗಳನ್ನು ಮೂರು ವರ್ಷ ತುಂಬುವವರೆಗೆ ಗಮನಿಸಿತು. ಅರ್ಧದಷ್ಟು ಜೋಡಿಗಳಲ್ಲಿ ಇಬ್ಬರೂ ಚೆನ್ನಾಗಿ ಬೆಳೆದರು. ಶೇಕಡಾ 43 ಜೋಡಿಗಳಲ್ಲಿ ಒಂದು ಮಗು ಮಾತ್ರ ತೀವ್ರ ಅಪೌಷ್ಟಿಕತೆಗೆ ಬಿತ್ತು. ಅಂಥ ಕೆಲವು ಜೋಡಿಗಳ ಮಲದಿಂದ ಸೂಕ್ಷ್ಮಜೀವಿಗಳನ್ನು ತೆಗೆದು, ಹುಟ್ಟಿನಿಂದಲೂ ಒಂದೂ ಸೂಕ್ಷ್ಮಜೀವಿ ಸೋಂಕದಂತೆ ಸಾಕಿದ ಇಲಿಗಳ ಹೊಟ್ಟೆಗೆ ಸೇರಿಸಿದರು. ಬಳಿಕ ಮೆಕ್ಕೆಜೋಳವೇ ಹೆಚ್ಚಾಗಿರುವ ಮಲಾವಿಯ ಊಟ ಹಾಕಿದರು. ರೋಗಿ ಮಗುವಿನ ಸೂಕ್ಷ್ಮಜೀವಿಗಳನ್ನು ಪಡೆದ ಇಲಿಗಳ ತೂಕ ಭಾರಿ ಇಳಿಯಿತು. ಆರೋಗ್ಯವಂತ ಮಗುವಿನ ಸೂಕ್ಷ್ಮಜೀವಿಗಳನ್ನು ಪಡೆದವು ಅದೇ ಊಟ ತಿಂದೂ ಅಷ್ಟು ಸೊರಗಲಿಲ್ಲ. ಶೇಂಗಾ ಲೇಹ್ಯ ಕೊಟ್ಟಾಗ ರೋಗಿ ಗುಂಪು ಸುಧಾರಿಸಿತು, ಹಳೆಯ ಊಟಕ್ಕೆ ಮರಳಿದಾಗ ಮತ್ತೆ ಹಿಂದೆ ಬಿತ್ತು. 2013ರಲ್ಲಿ ಪ್ರಕಟವಾದ ಈ ಪ್ರಯೋಗ ಎರಡು ಸಂಗತಿಗಳನ್ನು ಸ್ಪಷ್ಟಪಡಿಸಿತು. ಬಡ ಊಟ ಮತ್ತು ಕೆಟ್ಟ ಸೂಕ್ಷ್ಮಜೀವಿ ಸಮುದಾಯ ಎರಡೂ ಕೂಡಿದಾಗ ಹಾನಿ ಹೆಚ್ಚುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ಕಂಡ ಸುಧಾರಣೆ ಚಿಕಿತ್ಸೆ ಮುಗಿದ ಮೇಲೂ ಉಳಿಯುತ್ತದೆಂಬ ಭರವಸೆಯಿಲ್ಲ.

ಕರುಳಿಗೂ ವಯಸ್ಸಿದೆ

ನವಜಾತ ಶಿಶುವಿನ ಕರುಳಿಗೆ ಮೊದಲ ದಿನಗಳಲ್ಲೇ ಸೂಕ್ಷ್ಮಜೀವಿಗಳು ಬಂದು ಸೇರುತ್ತವೆ. ಎದೆಹಾಲು ಕುಡಿಯುವ ಕೂಸಿನಲ್ಲಿ ಬೈಫಿಡೋಬ್ಯಾಕ್ಟೀರಿಯಂ ಎಂಬ ಬಳಗ ಮೇಲುಗೈ ಪಡೆಯುತ್ತದೆ. ಅದಕ್ಕೆ ಕಾರಣ ಎದೆಹಾಲಿನಲ್ಲೇ ಇದೆ. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚಿರುವ ಘನಾಂಶವೆಂದರೆ ಆಲಿಗೋಸ್ಯಾಕರೈಡ್‌ ಎಂಬ ಕಿರು ಸಕ್ಕರೆ ಸರಪಳಿಗಳು. ಇವನ್ನು ಜೀರ್ಣಿಸಿಕೊಳ್ಳುವ ಕಿಣ್ವ ಕೂಸಿನಲ್ಲಿ ಇಲ್ಲವೇ ಇಲ್ಲ. ಜೀರ್ಣವಾಗದೆ ದೊಡ್ಡಕರುಳು ತಲುಪಿ ಅವು ಬೈಫಿಡೋಬ್ಯಾಕ್ಟೀರಿಯಂಗೆ ಊಟವಾಗುತ್ತವೆ. ತಾಯಿ ಹಾಲೂಡಿಸುವಾಗ ಮಗುವಿನೊಂದಿಗೆ ಅದರ ಕರುಳಿನ ಜೀವಿಗಳನ್ನೂ ಸಾಕುತ್ತಾಳೆ.

ಆರು ತಿಂಗಳಿಗೆ ಮೇಲೂಟ ಶುರುವಾದಾಗ ಚಿತ್ರ ಬದಲಾಗುತ್ತದೆ. ಧಾನ್ಯ, ಬೇಳೆ, ಹಣ್ಣು, ತರಕಾರಿಗಳ ನಾರು ಮತ್ತು ಪಿಷ್ಟವನ್ನು ಒಡೆಯಬಲ್ಲ ಹೊಸ ಪ್ರಭೇದಗಳು ಒಂದೊಂದಾಗಿ ನೆಲೆಯಾಗುತ್ತವೆ. ಸುಮಾರು ಮೂರು ವರ್ಷದ ಹೊತ್ತಿಗೆ ಮಗುವಿನ ಕರುಳಿನ ಸಮುದಾಯ ದೊಡ್ಡವರದನ್ನು ಹೋಲತೊಡಗುತ್ತದೆ. ಮೆದುಳು, ಮೂಳೆ, ರೋಗನಿರೋಧಕ ಶಕ್ತಿ ಅತಿ ವೇಗವಾಗಿ ಬೆಳೆಯುವುದೂ ಇದೇ ವರ್ಷಗಳಲ್ಲಿ.

ಮೀರ್‌ಪುರದ ಆರೋಗ್ಯವಂತ ಮಕ್ಕಳ ಮಲವನ್ನು ಹುಟ್ಟಿದಂದಿನಿಂದ ಎರಡು ವರ್ಷಗಳವರೆಗೆ ಪ್ರತಿ ತಿಂಗಳೂ ಸಂಗ್ರಹಿಸಿ, ಯಾವ ವಯಸ್ಸಿಗೆ ಯಾವ ಬ್ಯಾಕ್ಟೀರಿಯಾ ಬರುತ್ತವೆ ಎಂದು ಢಾಕಾ ಮತ್ತು ಸೇಂಟ್ ಲೂಯಿಸ್ ತಂಡಗಳು ದಾಖಲಿಸಿದವು. 24 ಬಗೆಯ ಬ್ಯಾಕ್ಟೀರಿಯಾಗಳ ಏರಿಳಿತ ನೋಡಿದರೆ ಸಾಕು, ಮಗುವಿನ ವಯಸ್ಸನ್ನು ಅಂದಾಜು ಮಾಡಬಹುದಿತ್ತು. ಅಂಗನವಾಡಿಯ ಬೆಳವಣಿಗೆ ಪಟ್ಟಿಯಲ್ಲಿ ವಯಸ್ಸಿಗೆ ತಕ್ಕ ತೂಕ ನೋಡುವಂತೆ, ಈಗ ವಯಸ್ಸಿಗೆ ತಕ್ಕ ಕರುಳಿದೆಯೇ ಎಂದು ನೋಡಲು ಒಂದು ಅಳತೆ ಸಿಕ್ಕಿತು.

ಆ ಅಳತೆಯನ್ನು ತೀವ್ರ ಅಪೌಷ್ಟಿಕತೆಯಿದ್ದ 64 ಮಕ್ಕಳಿಗೆ ಹಚ್ಚಿದಾಗ ಢಾಕಾದ ಹಳೆಯ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿತು. ಅವರ ಕರುಳಿನ ಸಮುದಾಯ ಅವರಿಗಿಂತ ತಿಂಗಳುಗಳಷ್ಟು ಎಳೆಯದಾಗಿತ್ತು. ಕೆಲವರಿಗೆ ಆಮದಾದ ಶೇಂಗಾ ಲೇಹ್ಯ, ಕೆಲವರಿಗೆ ಅಲ್ಲೇ ಅಕ್ಕಿ, ಬೇಳೆಯಿಂದ ಮಾಡಿದ ಖಿಚಡಿ ಮತ್ತು ಹಲ್ವ ಕೊಟ್ಟರು. ಎರಡರಲ್ಲೂ ತೂಕ ಬಂತು. ಕರುಳೂ ಸ್ವಲ್ಪ ಮುಂದೆ ಸಾಗಿತು, ಆದರೆ ಚಿಕಿತ್ಸೆ ನಿಂತ ತಿಂಗಳುಗಳಲ್ಲಿ ಮತ್ತೆ ಹಿಂದೆ ಸರಿಯಿತು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ತಿರುಳು ಇದು: ತಕ್ಕಡಿ ಗುಣವಾಯಿತೆಂದು ಹೇಳಿದ ಮಗುವಿನ ಕರುಳು ಇನ್ನೂ ಗುಣವಾಗಿರಲಿಲ್ಲ.

ಬಾಳೆಕಾಯಿ, ಕಡಲೆ, ಶೇಂಗಾ, ಸೋಯಾ

ಮುಂದಿನ ಕೆಲಸ ಕರುಳನ್ನು ಬೆಳೆಸುವ ಊಟ ಹುಡುಕುವುದು. ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಗುಳಿಗೆಯಾಗಿ ಕೊಡಬಹುದಲ್ಲ ಎನಿಸುತ್ತದೆ. ಆದರೆ ತಿನ್ನಲು ಏನೂ ಇಲ್ಲದ ಕಡೆ ಅವು ನೆಲೆಸುವುದಿಲ್ಲ. ಆದ್ದರಿಂದ ಸಂಶೋಧಕರು ತಿರುಗುಮುರುಗಾಗಿ ಯೋಚಿಸಿದರು. ಹಿಂದೆ ಬಿದ್ದಿರುವ ಬ್ಯಾಕ್ಟೀರಿಯಾಗಳಿಗೆ ಏನು ರುಚಿಸುತ್ತದೆ? ಅದು ಮೀರ್‌ಪುರದ ತಾಯಂದಿರು ಮಕ್ಕಳಿಗೆ ಈಗಾಗಲೇ ತಿನ್ನಿಸುವ, ಅಗ್ಗವಾಗಿ ಸಿಗುವ ಪದಾರ್ಥಗಳಲ್ಲೇ ಇದೆಯೇ?

ಬಾಂಗ್ಲಾದೇಶದ ಮಕ್ಕಳ ಬ್ಯಾಕ್ಟೀರಿಯಾಗಳನ್ನು ಸೇರಿಸಿದ ಇಲಿಗಳಿಗೂ ಹಂದಿಮರಿಗಳಿಗೂ ಅಲ್ಲಿನ ಮೇಲೂಟದ ಪದಾರ್ಥಗಳನ್ನು ಬೇರೆ ಬೇರೆಯಾಗಿಯೂ ಬೆರೆಸಿಯೂ ತಿನ್ನಿಸಿ ನೋಡಿದರು. ಕೆಲವು ಪದಾರ್ಥಗಳು ಬೇಕಾದ ಬ್ಯಾಕ್ಟೀರಿಯಾಗಳನ್ನು ಹೆಚ್ಚಿಸಿದವು. ಅವುಗಳಿಂದ ಮೂರು ಮಿಶ್ರಣ ಮಾಡಿ ಮೀರ್‌ಪುರದ ಮಕ್ಕಳಿಗೆ ಒಂದು ತಿಂಗಳು ಕೊಟ್ಟಾಗ ಒಂದು ಮಿಶ್ರಣ ಎದ್ದು ನಿಂತಿತು. ಅದರಲ್ಲಿ ಇದ್ದದ್ದು ಕಡಲೆಹಿಟ್ಟು, ಶೇಂಗಾಹಿಟ್ಟು, ಸೋಯಾಹಿಟ್ಟು ಮತ್ತು ಬಾಳೆಕಾಯಿ. ಜೊತೆಗೆ ಸಕ್ಕರೆ, ಸೋಯಾ ಎಣ್ಣೆ, ಜೀವಸತ್ವ ಮತ್ತು ಖನಿಜಗಳು. 2019ರಲ್ಲಿ ಇದು ಎಂಡಿಸಿಎಫ್-2 ಎಂಬ ಹೆಸರಿನಿಂದ ವಿಜ್ಞಾನಲೋಕಕ್ಕೆ ಪರಿಚಯವಾಯಿತು.

ಬಾಳೆಕಾಯಿ ಈ ಆಸ್ಪತ್ರೆಗೆ ಹೊಸದಲ್ಲ. ದೀರ್ಘಕಾಲದ ಭೇದಿಯಿಂದ ನರಳುವ ಶಿಶುಗಳಿಗೆ ಬೇಯಿಸಿದ ಬಾಳೆಕಾಯಿ ಕೊಟ್ಟರೆ ಭೇದಿ ಬೇಗ ಹತೋಟಿಗೆ ಬರುತ್ತದೆಂದು ಅಲ್ಲಿನ ಜಿ. ಎಚ್. ರಬ್ಬಾನಿ ಮತ್ತು ಸಂಗಡಿಗರು 2001ರಲ್ಲೇ ತೋರಿಸಿದ್ದರು. ಬಾಳೆಕಾಯಿಯ ಪಿಷ್ಟದಲ್ಲಿ ಒಂದು ಪಾಲು ಸಣ್ಣಕರುಳಿನಲ್ಲಿ ಕರಗದೆ ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರು ಆಮ್ಲಗಳನ್ನು ಬಿಡುತ್ತವೆ. ಬ್ಯುಟಿರೇಟ್ ದೊಡ್ಡಕರುಳಿನ ಜೀವಕೋಶಗಳಿಗೆ ಮುಖ್ಯ ಇಂಧನ. ಈ ಆಮ್ಲಗಳು ಉಪ್ಪನ್ನೂ ನೀರನ್ನೂ ಒಳಗೆಳೆದುಕೊಳ್ಳಲು ನೆರವಾಗುತ್ತವೆ.

ನಿಜವಾದ ಪರೀಕ್ಷೆಯ ಫಲಿತಾಂಶ ಬಂದದ್ದು 2021ರಲ್ಲಿ. ಮೀರ್‌ಪುರದಲ್ಲಿ ಮಧ್ಯಮ ಮಟ್ಟದ ಅಪೌಷ್ಟಿಕತೆಯಿದ್ದ, 12ರಿಂದ 18 ತಿಂಗಳ 123 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೊಸ ಮಿಶ್ರಣ, ಇನ್ನೊಂದಕ್ಕೆ ಆಗ ಬಳಕೆಯಲ್ಲಿದ್ದ ಅಕ್ಕಿ, ಬೇಳೆ, ಹಾಲಿನ ಪುಡಿಯ ಪೂರಕ ಆಹಾರ. ದಿನಕ್ಕೆರಡು ಬಾರಿ, ಮೂರು ತಿಂಗಳು. ಹೊಸ ಮಿಶ್ರಣದಲ್ಲಿ ಕ್ಯಾಲೊರಿ ಕಡಿಮೆಯಿತ್ತು. ಬರೀ ಕ್ಯಾಲೊರಿಯೇ ಲೆಕ್ಕವಾಗಿದ್ದರೆ ಅದು ಹಿಂದೆ ಬೀಳಬೇಕಿತ್ತು. ಆದದ್ದು ಬೇರೆ. ಉದ್ದಕ್ಕೆ ತಕ್ಕ ತೂಕದ ಅಳತೆ ವಾರಕ್ಕೆ ಸರಾಸರಿ 0.021ರಷ್ಟು ಏರಿತು, ಹಳೆಯ ಆಹಾರದ ಗುಂಪಿನಲ್ಲಿ 0.010ರಷ್ಟು ಮಾತ್ರ. ರಕ್ತದಲ್ಲಿ ಮೂಳೆ ಬೆಳವಣಿಗೆಗೆ, ನರಗಳ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನುಗಳು ಹೆಚ್ಚಿದವು, ಉರಿಯೂತದ ಗುರುತುಗಳು ಇಳಿದವು. ಬೆಳವಣಿಗೆಯೊಂದಿಗೆ ನಂಟಿರುವ 21 ಬಗೆಯ ಬ್ಯಾಕ್ಟೀರಿಯಾಗಳು ಗುರುತಿಗೆ ಸಿಕ್ಕವು.

ಆಮೇಲಿನ ಅಧ್ಯಯನಗಳು ಈ ಕೆಲಸದ ಒಳಹೊಕ್ಕು ನೋಡಿವೆ. ಕಡಲೆ, ಶೇಂಗಾ, ಸೋಯಾ, ಬಾಳೆಕಾಯಿಗಳ ಕೋಶಗೋಡೆಯಲ್ಲಿರುವ ಸಂಕೀರ್ಣ ಸಕ್ಕರೆ ಸರಪಳಿಗಳನ್ನು ನಮ್ಮ ಕಿಣ್ವಗಳು ಮುಟ್ಟಲಾರವು. ಪ್ರಿವೋಟೆಲ್ಲಾ ಕೋಪ್ರಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಅವನ್ನು ಕತ್ತರಿಸುವ ಜೀನುಗಳ ಗುಚ್ಛವನ್ನೇ ಹೊಂದಿವೆ. ಮಗುವಿನ ತೂಕ ಏರಿದಷ್ಟೂ ಆ ತಳಿಗಳ ಚಟುವಟಿಕೆಯೂ ಏರಿತ್ತು. ಎದೆಹಾಲಿನಲ್ಲಿ ಕಂಡ ಕ್ರಮವೇ ಮೇಲೂಟದಲ್ಲೂ ಮುಂದುವರಿದಿದೆ. ಮಗುವಿಗೆ ಜೀರ್ಣವಾಗದೆ ಉಳಿಯುವ ಪಾಲು ಅದರ ಕರುಳಿನ ಬಳಗಕ್ಕೆ ಸೇರಿದ್ದು.

ಮೈಸೂರಿನ ಎರಡು ಕೆಲಸಗಳು

ಶೇಂಗಾ ಮತ್ತು ಕಡಲೆ ಎಂದ ಕೂಡಲೇ ಮೈಸೂರು ನೆನಪಾಗಬೇಕು. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ತನ್ನ ಮೊದಲ ದಶಕದಲ್ಲೇ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಪುಡಿಯನ್ನು ರೂಪಿಸಿತು. ಎಣ್ಣೆ ತೆಗೆದ ಶೇಂಗಾಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು, ಜೊತೆಗೆ ಜೀವಸತ್ವ ಮತ್ತು ಸುಣ್ಣದಂಶ. ಹಾಲು ಕೊಳ್ಳಲಾರದ ಮನೆಯ ಮಕ್ಕಳಿಗೆ ಅಗ್ಗದ ಪ್ರೋಟೀನು ತಲುಪಿಸುವುದು ಆಗಿನ ಗುರಿ. ಆ ಕಾಲದಲ್ಲಿ ಜಗತ್ತೆಲ್ಲ ಪ್ರೋಟೀನಿನ ಕೊರತೆಯನ್ನೇ ಮುಖ್ಯ ಸಮಸ್ಯೆ ಎಂದು ನೋಡುತ್ತಿತ್ತು. ಅದು ಅತಿಯಾಯಿತೆಂಬ ಟೀಕೆ 1970ರ ದಶಕದಲ್ಲಿ ಬಂತು. ಈಗ ಅದೇ ಎರಡು ಕಾಳುಗಳು ಢಾಕಾದ ಮಿಶ್ರಣದಲ್ಲಿ ಮರಳಿ ಬಂದಿವೆ. ಈ ಸಲ ಅವುಗಳ ಪ್ರೋಟೀನಿನಷ್ಟೇ ಅವುಗಳ ನಾರಿಗೂ ಬೆಲೆ ಬಂದಿದೆ.

ಮೈಸೂರಿನ ಎರಡನೇ ಕೊಡುಗೆ ಮೊಳಕೆಯದು. ಬೆಳೆಯುವ ಮಗುವಿನ ಹೊಟ್ಟೆ ಚಿಕ್ಕದು. ಗಂಜಿ ಗಟ್ಟಿಯಾದರೆ ಕೂಸು ನುಂಗಲಾರದು, ನೀರು ಸೇರಿಸಿ ತೆಳುವಾಗಿಸಿದರೆ ಹೊಟ್ಟೆ ತುಂಬಿದರೂ ಸತ್ವ ಸಾಲದು. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿಸಿದಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಉಳಿಯುತ್ತದೆ. ಸಿಎಫ್‌ಟಿಆರ್‌ಐನ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಸಿಕಾಚಾರ್ ಇದರ ಮೇಲೆ ವಿಸ್ತಾರವಾಗಿ ಕೆಲಸ ಮಾಡಿ, ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ಹದಗೊಳಿಸಿದರು. ನಮ್ಮ ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ವಸ್ತ್ರಗಾಳಿತ ಮಾಡಿ ‘ಸರಿ’ ಕಾಯಿಸುತ್ತಿದ್ದದ್ದಕ್ಕೆ ಹೀಗೆ ಅಳೆದು ತೂಗಿದ ಆಧಾರ ಸಿಕ್ಕಿತು.

ಎಷ್ಟು ಸಿಕ್ಕಿದೆ, ಎಷ್ಟು ಸಿಕ್ಕಿಲ್ಲ

ಇಷ್ಟು ಓದಿ ಯಾರೂ ತೀವ್ರವಾಗಿ ಸೊರಗಿದ ಮಗುವಿಗೆ ಮನೆಯಲ್ಲೇ ಕಡಲೆಹಿಟ್ಟು ಕಲಸಿ ಚಿಕಿತ್ಸೆ ಮಾಡಲು ಹೊರಡಬಾರದು. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ, ಇಲ್ಲವೇ ಎರಡೂ ಪಾದ ಬಾತಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಊಟ ಒಲ್ಲೆನ್ನುವ, ಮಂಕಾಗಿರುವ, ಭೇದಿ ಅಥವಾ ನ್ಯುಮೋನಿಯಾ ಇರುವ ಮಗುವಿಗೆ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರವೇ ಸರಿಯಾದ ಜಾಗ. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲಲ್ಲದೆ ಬೇರೇನೂ ಬೇಡ. ಶೇಂಗಾ ತೇವದಲ್ಲಿ ಬೂಸಲು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುತ್ತದೆ. ಬೂಸಲಿನ ಕಾಳನ್ನು ಆರಿಸಿ ಉಳಿದದ್ದನ್ನು ಕೊಡುವುದಲ್ಲ, ಇಡೀ ರಾಶಿಯನ್ನೇ ಮಕ್ಕಳಿಂದ ದೂರವಿಡಬೇಕು.

ಪ್ರತಿಜೈವಿಕಗಳ ವಿಷಯದಲ್ಲೂ ಎಚ್ಚರ ಬೇಕು. ಮಲಾವಿಯಲ್ಲಿ ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಲೇಹ್ಯದ ಜೊತೆ ಪ್ರತಿಜೈವಿಕ ಕೊಟ್ಟಾಗ ಸಾವು ಕಡಿಮೆಯಾಯಿತೆಂದು 2013ರ ಪರೀಕ್ಷೆ ಹೇಳಿತು. ನೈಜರ್ ದೇಶದಲ್ಲಿ ನಡೆದ 2016ರ ಪರೀಕ್ಷೆಯಲ್ಲಿ, ತೊಡಕಿಲ್ಲದ ಮಕ್ಕಳ ಚೇತರಿಕೆಗೆ ಅಮಾಕ್ಸಿಸಿಲಿನ್‌ನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಜಾಗ, ರೋಗ, ಮಗುವಿನ ಸ್ಥಿತಿ ನೋಡಿ ವೈದ್ಯರು ನಿರ್ಧರಿಸಬೇಕಾದ ಮದ್ದು ಅದು. ಪ್ರತಿ ಸಣ್ಣ ಭೇದಿಗೂ ಅಂಗಡಿಯಿಂದ ಗುಳಿಗೆ ತಂದು ನುಂಗಿಸಿದರೆ, ಈಗಷ್ಟೇ ನೆಲೆಯೂರುತ್ತಿರುವ ಕರುಳಿನ ಬಳಗವನ್ನು ನಾವೇ ಚದುರಿಸಿದಂತೆ. ಭೇದಿಗೆ ಓಆರ್‌ಎಸ್, ಸತುವಿನ ಗುಳಿಗೆ, ನಿಲ್ಲಿಸದ ಹಾಲೂಟ ಮೊದಲ ಮದ್ದು.

ಢಾಕಾದ ಪರೀಕ್ಷೆ ಚಿಕ್ಕದು, ಒಂದು ನಗರದ್ದು, ಮೂರು ತಿಂಗಳದ್ದು. ಆ ಅವಧಿಯಲ್ಲಿ ಮಕ್ಕಳ ಉದ್ದದಲ್ಲಿ ಎರಡು ಗುಂಪಿನ ನಡುವೆ ಎದ್ದು ಕಾಣುವ ವ್ಯತ್ಯಾಸ ಬರಲಿಲ್ಲ. ಬೇರೆ ನಾಡಿನ ಮಕ್ಕಳ ಕರುಳಿಗೆ ಬೇರೆ ಕಾಳುಗಳು ಹೊಂದಬಹುದು. ಆದರೆ ಈ ಪರೀಕ್ಷೆ ತೆರೆದ ದಾರಿ ಸ್ಪಷ್ಟವಾಗಿದೆ. ಒಂದು ಆಹಾರದ ಬೆಲೆ ಅದರ ಕ್ಯಾಲೊರಿ ಮತ್ತು ಪ್ರೋಟೀನಿಗೆ ಮುಗಿಯುವುದಿಲ್ಲ, ಅದು ಕರುಳಿನಲ್ಲಿ ಯಾರನ್ನು ಬೆಳೆಸುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಇದು ನಮಗೆ ದೂರದ ಮಾತಲ್ಲ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇಕಡಾ 19.5 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಇಡೀ ದೇಶದಲ್ಲಿ ಆರರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಗೆಯ ಊಟ ಸಾಕಷ್ಟು ಸಲ ಸಿಗುತ್ತಿದ್ದದ್ದು ಶೇಕಡಾ 11.3 ಮಂದಿಗೆ. ಕಡಲೆ, ಶೇಂಗಾ, ಹೆಸರು, ಬಾಳೆ, ರಾಗಿ ಬೆಳೆಯುವ ನಾಡಿನಲ್ಲಿ ಈ ಅಂಕಿ ಒಪ್ಪಿಕೊಳ್ಳುವಂಥದ್ದಲ್ಲ.

ಮಾಡಬೇಕಾದ ಕೆಲಸ ನಮ್ಮ ಅಳವಿನಲ್ಲೇ ಇದೆ. ಆರು ತಿಂಗಳು ತುಂಬಿದ ಮಗುವಿನ ತಟ್ಟೆಗೆ ಬರೀ ಅನ್ನದ ತಿಳಿ, ಬಿಸ್ಕತ್ತು ಬಾರದಂತೆ, ಬೇಳೆ, ಮೊಳಕೆ ರಾಗಿ, ನುಣ್ಣಗೆ ಪುಡಿ ಮಾಡಿದ ಶೇಂಗಾ, ಮೊಟ್ಟೆ, ಸೊಪ್ಪು, ಹಣ್ಣು ಬರುವಂತೆ ನೋಡಿಕೊಳ್ಳಬೇಕು. ಕೂಲಿಗೆ ಹೋಗುವ ತಾಯಿಗೆ ದಿನಕ್ಕೆ ನಾಲ್ಕು ಸಲ ಕೂಸಿಗೆ ಉಣಿಸುವಷ್ಟು ಬಿಡುವು ಸಿಗುವಂತೆ ಕೂಸಿನ ಮನೆಗಳು ನಡೆಯಬೇಕು. ಊರಿಗೆ ಶುದ್ಧ ನೀರು, ಮುಚ್ಚಿದ ಚರಂಡಿ ಬರಬೇಕು. ಪುನಶ್ಚೇತನ ಕೇಂದ್ರದಿಂದ ಬಿಡುಗಡೆಯಾದ ಮಗುವನ್ನು ಗುಣವಾಯಿತೆಂದು ಪಟ್ಟಿಯಿಂದ ಕೈಬಿಡದೆ, ಮುಂದಿನ ತಿಂಗಳುಗಳಲ್ಲೂ ಅಂಗನವಾಡಿ ಕಾರ್ಯಕರ್ತೆ ಮನೆಗೆ ಹೋಗಿ ನೋಡುವ ಏರ್ಪಾಡು ಬೇಕು, ಆ ಕೆಲಸಕ್ಕೆ ತಕ್ಕ ಸಂಬಳವೂ ಅವಳಿಗೆ ಬೇಕು. ತೂಕ ಬರಲು ವಾರಗಳು ಸಾಕು. ಕರುಳಿನ ಗೋಡೆ ಮತ್ತು ಅದರ ಬಳಗ ವಯಸ್ಸಿಗೆ ತಕ್ಕಂತೆ ಬೆಳೆಯಲು ತಿಂಗಳುಗಳು ಬೇಕು. ಆ ತಿಂಗಳುಗಳಲ್ಲಿ ಮಗುವಿನ ಕೈ ಬಿಡದಿದ್ದರೆ ಮಾತ್ರ ಅದು ಚೇತರಿಸಿಕೊಂಡಿತೆಂದು ನಾವು ಹೇಳಬಹುದು.